ಸುಣ್ಣದ ಲೆಕ್ಕ

ಡೇರೆಯ ಒಂದು ಕೋಲು ಮನೆಯಲ್ಲೇ ಉಳಿದಿತ್ತು.
ಬಿದ್ದ ನೀಲಗಿರಿ ಕೊಂಬೆಯೊಂದನ್ನು ಹುಡುಕಿ ತಂದು
ಗಾರ್ತ್ ನಡುವೆ ಊರಿದ.
ಅದು ರಾತ್ರಿಯಿಡೀ ತೊಗಟೆ ಬಿಚ್ಚಿಕೊಳ್ಳುತ್ತ
ನಮ್ಮ ಕಂಬಳಿಯ ಮೇಲೆ ಉದುರಿಸುತ್ತಿತ್ತು.

ಬ್ರೆಡ್ಡು ಪಾಸಮ್ಮಿನ ಪಾಲಾಯಿತು.
ನಸುಕಿನಲ್ಲಿ ವಾಂಬ್ಯಾಟೊಂದು ಡೇರೆಗೆ ಬೆನ್ನು ತಿಕ್ಕಿ ಹೋದ ರಭಸಕ್ಕೆ
ರೋರಿ ಎದ್ದು ಕೂತ: ಭೂಕಂಪವಾ?
ಅಲ್ಲ, ಮನೆ ಮಾಲೀಕ, ಅಂದ ಅವನಪ್ಪ
ಮಗ್ಗುಲು ಬದಲಿಸಿ.

ಗುಹೆಗೆ ನೂರ ನಲವತ್ತು ಸಿಮೆಂಟು ಮೆಟ್ಟಿಲು.
ಟಾರ್ಚು ಹಿಡಿದು ಮುಂದೆ ಇಳಿದವಳು ಮೆರಿಡಿ,
ಇಪ್ಪತ್ತರ ಹುಡುಗಿ, ಮೂಗಿಗೆ ನೆಗಡಿ.
ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದರೆ
ಕಲ್ಲು ಬೆಳೆಯುವುದು ಬಿಟ್ಟೀತು.
ನೂರು ವರ್ಷಕ್ಕೆ ಇಷ್ಟೇ ಇಷ್ಟು, ಅಂತ
ಕಿರುಬೆರಳಿನ ಉಗುರು ತೋರಿಸಿದಳು.
ಎಲ್ಲರೂ ನಮ್ಮ ನಮ್ಮ ಉಗುರು ನೋಡಿಕೊಂಡೆವು.
ಗಾರ್ತ್ ಮಾತ್ರ ಕೈ ಜೇಬಿಗಿಳಿಸಿದ.

ಹನ್ನೊಂದು ವರ್ಷದಿಂದ ಅವನ ಅಂಗಿ ಒಗೆಯುವವಳು ನಾನು.
ಕಾಲರಿನಲ್ಲಿ, ಕಿವಿಯ ಸುರುಳಿಯಲ್ಲಿ,
ಊಟದ ಡಬ್ಬಿಯ ತಿರುಪಿನಲ್ಲಿ
ಇದೇ ಬಿಳುಪು.
ನಮ್ಮೂರ ಗಣಿಯಲ್ಲಿ ಗುರುವಾರ ಹನ್ನೆರಡಕ್ಕೆ ಸೈರನ್ನು,
ಒಂದು ಉಸಿರು ತಡೆದಷ್ಟು ಹೊತ್ತು,
ಆಮೇಲೆ ಗುಡ್ಡದ ಅರ್ಧ
ನಿಂತಲ್ಲೇ ಕೂತುಬಿಡುತ್ತದೆ.
ಗಂಟೆಗೆ ಆರುನೂರು ಟನ್ನು.
ಮನೆಯ ಕಂತು, ರೋರಿಯ ಹಲ್ಲಿನ ತಂತಿ,
ಕೋಲಿಲ್ಲದ ಈ ಡೇರೆ
ಎಲ್ಲ ಆ ಲೆಕ್ಕದಲ್ಲೇ ಬಂದದ್ದು.

ನಮ್ಮಪ್ಪ ಇದನ್ನೆಲ್ಲ ಒಡೀತಾನೆ! ಮದ್ದಿಟ್ಟು!
ಬ್ರಿಯೊನಿಗೆ ಆರು ವರ್ಷ, ಹೆಮ್ಮೆ ಗಂಟಲು ತುಂಬ.
ಗುಹೆ ಅದನ್ನು ಮೂರು ಸಲ ಹೇಳಿತು.
ಎಲ್ಲೋ ಒಂದು ಹನಿ
ಬೀಳಬೇಕೋ ಬೇಡವೋ ಎಂದು ತೂಗಿ
ಬಿತ್ತು.

ಅಷ್ಟರಲ್ಲಿ ಮೆರಿಡಿ ದೀಪ ಆರಿಸಿದಳು.
ಆಟದ ಭಾಗವೇ ಅದು, ಎಲ್ಲ ತಂಡಕ್ಕೂ ಮಾಡುತ್ತಾಳಂತೆ.
ಕಣ್ಣು ಬಿಟ್ಟರೂ ಅಷ್ಟೆ, ಮುಚ್ಚಿದರೂ ಅಷ್ಟೆ.
ಈ ಗುಡ್ಡಕ್ಕೆ ಬೇಲಿ, ಟಿಕೀಟು, ಪಿಸುಮಾತು,
ಆ ಗುಡ್ಡಕ್ಕೆ ಬತ್ತಿ.
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ ಅನ್ನೋಣವೆಂದರೆ
ಇಲ್ಲಿ ಎರಡೂ ಸುಣ್ಣವೇ.
ಗಾರ್ತನ ತೋಳು ತಡಕಿದೆ. ಕಲ್ಲು ಸಿಕ್ಕಿತು.
ಇಲ್ಲ, ತೋಳೇ.

ಆಗ ಕತ್ತಲೊಳಗಿಂದ ನೆಗಡಿಯ ದನಿ:
ಪುಟ್ಟಿ, ನೀನು ಇಳಿದು ಬಂದೆಯಲ್ಲ ಮೆಟ್ಟಿಲು,
ಅದು ಯಾವುದರದ್ದು ಅಂದುಕೊಂಡೆ?

ಹತ್ತುವಾಗ ಗಾರ್ತ್ ಎಲ್ಲರಿಗಿಂತ ಹಿಂದೆ.
ಮೆಟ್ಟಿಲ ಅಂಚನ್ನು ಬೂಟಿನಿಂದ ಒತ್ತಿ ಒತ್ತಿ ನೋಡುತ್ತ,
ಕಲಬೆರಕೆ ಸರಿಯಿಲ್ಲ, ಮರಳು ಜಾಸ್ತಿ,
ಎಂದು ಗೊಣಗುತ್ತ.

ಸಂಜೆ ಕೆಟಲು ತೊಳೆಯಲು ಕೂತೆ.
ನಾಲ್ಕು ದಿನ ಹಳ್ಳದ ನೀರು ಕುದಿಸಿ
ತಳದಲ್ಲಿ ಬಿಳಿ ಹಕ್ಕಳೆ.
ಬೂದಿ ಹಾಕಿ ಉಜ್ಜಹೊರಟವಳ ಕೈ ಹಿಡಿದು
ಇರಲಿ ಬಿಡು, ಅಂದ.

ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.
ನೂರು ವರ್ಷ ಬಿಟ್ಟರೆ ಎಷ್ಟಾಗುತ್ತೆ,
ಕೆಟಲು ತುಂಬುತ್ತಾ, ಎಂದಳು ಬ್ರಿಯೊನಿ.
ಅವನು ತಲೆ ಕೆರೆದು, ಬೆರಳು ಮಡಿಸಿ
ಲೆಕ್ಕ ಹಾಕತೊಡಗಿದ.
ಚಹಾ ಉಕ್ಕಿ ಬೆಂಕಿ ಆರಿತು.