ಖಾಲಿ ನಮೂನೆ

ಪೀಣ್ಯ ಎರಡನೇ ಹಂತ.
ಕೆಳಗೆ ಗೇಟುಗಳಿಗೆ ಪೌಡರ್ ಬಣ್ಣ ಹೊಡೆಯುವವರು.
ಮೇಲೆ ನಾನು, ಒಂದು ಸೂಕ್ಷ್ಮದರ್ಶಕ, ಹಸಿರು ಲೇಸರ್,
ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಕರಿಹೋಬನಹಳ್ಳಿ ಕೆರೆ.

ಪೆರಾಕ್ಸೈಡಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದೆ.
ಪಾಚಿ ಕರಗಿತು, ಎಲೆಯ ಚೂರು ಕರಗಿತು.
ಸೋಸಿದಾಗ, ಕರಗಲಾರೆ ಅಂದದ್ದು ಮಾತ್ರ
ಬಿಳಿ ಬಿಲ್ಲೆಯ ಮೇಲೆ ಉಳಿಯಿತು.

ಅಜ್ಜಿ ಪಾವು ತುಂಬಿ ತಲೆ ಸವರಿ ಅಳೆಯುತ್ತಿದ್ದಳು.
ಅವಳ ಒಂದು ರಾಗಿಕಾಳನ್ನು ಇಲ್ಲಿಟ್ಟರೆ
ಬಂಡೆ. ಪರದೆಯಾಚೆ ಹೋಗುತ್ತದೆ.
ನನ್ನದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು:
ಹನ್ನೆರಡು, ಮೂವತ್ತೊಂದು, ಏಳು.
ಏಳಕ್ಕಿಂತ ಕೆಳಗೆ ಅಂಚು ನಡುಗುತ್ತದೆ,
ಚೂರು ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಯಿತು
ಎಂದು ಕೇಳಿದರೆ ಆಣೆ ಮಾಡಲಾರೆ.

ಅಳತೆಯಾಯಿತು. ಇನ್ನು ಕುಲ ಕೇಳಬೇಕು.
ಲೇಸರ್ ಮುಟ್ಟಿದರೆ ಒಂದೊಂದೂ
ತನ್ನ ಏರುತಗ್ಗಿನಲ್ಲಿ ಬಾಯಿ ಬಿಡುತ್ತದೆ:
ಇದು ಹಾಲಿನ ಪೊಟ್ಟಣ,
ಇದು ಗೋಣಿಯಲ್ಲದ ಗೋಣಿಚೀಲ,
ಇದು ಮಾತಾಡುವುದಿಲ್ಲ, ನೀಲಿ ಬಣ್ಣ ಬಾಯಿ ಮುಚ್ಚಿದೆ.
'ಗೊತ್ತಾಗಲಿಲ್ಲ' ಎಂಬ ಕಾಲಮ್ಮಿಗೆ ಹಾಕು.
ಆ ಕಾಲಮ್ಮೇ ಎಲ್ಲಕ್ಕಿಂತ ಉದ್ದ;
ಅದನ್ನು ಸಣ್ಣಕ್ಷರದಲ್ಲಿ ಹಾಕಿ ಅನ್ನುತ್ತಾರೆ ಹಿಲ್ಡಾ ಮೇಡಂ.

ಕೊನೆಗೆ ಖಾಲಿ ನಮೂನೆ.
ಏನೂ ಇಲ್ಲದ ನೀರು, ಮೂರು ಸಲ ಸೋಸಿದ್ದು,
ನಾನು ಸುಳ್ಳು ಹೇಳಬಾರದೆಂದು ಇಡುವ ಸಾಕ್ಷಿ.
ಅದರಲ್ಲಿ ಮಲಗಿತ್ತು
ಮುನ್ನೂರ ತೊಂಬತ್ತು ಮೈಕ್ರಾನಿನ ಒಂದು ಕೆಂಪು ಎಳೆ,
ಸೊಂಟ ಬಳುಕಿಸಿಕೊಂಡು, ತನ್ನದೇ ಮನೆ ಎಂಬಂತೆ.

ನನ್ನ ಕೋಟು ಹತ್ತಿ. ಸೀರೆಯೂ ಹತ್ತಿ. ಕಿಟಕಿಗೆ ಟೇಪು.
ಲೇಸರ್ ಇಟ್ಟೆ. ಎರಡು ಸಾವಿರದ ಇನ್ನೂರ ನಲವತ್ತರ ಹತ್ತಿರ
ಚೂಪಾಗಿ ಒಂದು ಗೋಪುರ ಎದ್ದಿತು:
ಅಕ್ರಿಲಿಕ್.
ಉಣ್ಣೆಯ ವೇಷ ಹಾಕಿದ ಎಣ್ಣೆ.

ಯಾರದಿರಬಹುದು ಅಂದುಕೊಳ್ಳುತ್ತ ಟೀಗೆ ಇಳಿದೆ.
ಮೆಟ್ಟಿಲ ಬುಡದಲ್ಲಿ ಮುನಿಯಲ್ಲಪ್ಪ.
ಡಿಸೆಂಬರಿನ ಏಳೂವರೆಗೆ ಬೀಗ ತೆಗೆದು,
ಯಾರೂ ಹೇಳದಿದ್ದರೂ, ನಾನು ಬರುವ ಮೊದಲೇ
ಮೇಜು ಒರೆಸಿಡುವವನು.
ಕಿವಿ ಮುಚ್ಚುವ ಮಂಕಿ ಟೋಪಿ, ಕೆಂಪು,
ನೆತ್ತಿಯ ಕುಚ್ಚು ಅರ್ಧ ಉದುರಿದೆ.

'ಏನ್ ಮೇಡಂ, ನನ್ ತಲೆ ಹಂಗ್ ನೋಡ್ತಿದೀರ?'
'ಎಲ್ಲಿ ತಗೊಂಡ್ರಿ?'
'ಮಗಳು ಕೊಡ್ಸಿದ್ದು, ಯಶವಂತಪುರದ ಫುಟ್‌ಪಾತಲ್ಲಿ. ನೂರಿಪ್ಪತ್ತು.
ಹೋದ ವರ್ಷಕ್ಕಿಂತ ಚಳಿ ಜಾಸ್ತಿ, ಅಲ್ವಾ?'

ಹೌದು ಅಂದೆ.

ನಿಯಮದ ಪ್ರಕಾರ ಖಾಲಿಯಲ್ಲಿ ಸಿಕ್ಕಿದ್ದನ್ನು
ಕೆರೆಯ ಲೆಕ್ಕದಿಂದ ಕಳೆಯಬೇಕು.
ಮೇಲೆ ಬಂದು ಕಳೆದೆ:
ಕೆರೆ, ಮೈನಸ್ ಒಂದು ಟೋಪಿ.
ಷರಾ ಬರೆಯುವಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
'ಮೂಲ: ಕೊಠಡಿಯ ಗಾಳಿ' ಎಂದಷ್ಟೇ ಬರೆದೆ.

ನಾಳೆಯಿಂದ ಮೇಜು ನಾನೇ ಒರೆಸುತ್ತೇನೆ
ಅಂತ ಅವನಿಗೆ ಹೇಳಬೇಕು.
ಇವತ್ತು ಬೇಡ.
ಇವತ್ತು ಹದಿನಾಲ್ಕು ಡಿಗ್ರಿ.