ಸ್ಥಿರತಾಮಸ

ಅಕ್ಷಯ ಕೇಂದ್ರದ ಹುಡುಗಿ ರಂಸೀನಾ
ಪರದೆಯಿಂದ ಕಣ್ಣೆತ್ತದೆ ಕೇಳುತ್ತಾಳೆ:
‘ಸ್ಥಿರತಾಮಸ ಅಲ್ಲೇ, ಚೇಚಿ?’
ಅವಳ ಮಲಯಾಳದಲ್ಲಿ ತಾಮಸ ಅಂದರೆ ವಾಸ.
ತಡ ಅಂತಲೂ ಹೌದು.
ನನ್ನ ಕನ್ನಡದಲ್ಲಿ ಅದು ಮೂರು ಗುಣಗಳಲ್ಲಿ ಕೊನೆಯದು,
ಮಂಕು ಹಿಡಿದು ಮಧ್ಯಾಹ್ನದವರೆಗೆ ಮಲಗುವಂಥದ್ದು.
ಹೌದು ಅಂದೆ. ಮೂರಕ್ಕೂ.

ಅರ್ಜಿ ಹಾಕಿದ್ದು ನಾಲ್ಕು ವರ್ಷದ ಕೆಳಗೆ, ಇಬ್ಬರ ಹೆಸರಲ್ಲಿ.
ವಾರಿಜ, ಮತ್ತು ಅವಲಂಬಿತ ಪತಿ ತಾರಾನಾಥ.
ಅವಲಂಬಿತ ಎಂಬುದನ್ನು ಓದಿ ಅವನು ನಕ್ಕಿದ್ದ,
ಆಮೇಲೆ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.
ಅವನ ಇಂಗ್ಲಿಷ್ ಪರೀಕ್ಷೆಯಿಂದ ನನಗೆ ಒಂಬತ್ತು ಅಂಕ.
ಹೊಸಂಗಡಿಯ ಬಾಡಿಗೆ ಮನೆಯ ತಾರಸಿಯಲ್ಲಿ
ರಾತ್ರಿ ಹೊತ್ತು ಅಭ್ಯಾಸ ಮಾಡುತ್ತಿದ್ದ:
ಸಸ್ಕಾಚೆವಾನ್, ಸಸ್ಕಾಚೆವಾನ್,
ಹಲ್ಲಿನ ಸಂದಿಗೆ ಸಿಕ್ಕ ಮೀನಿನ ಮುಳ್ಳು ತೆಗೆಯುವ ಹಾಗೆ.
ನಾನು ಬಟ್ಟೆ ಒಣಹಾಕುತ್ತ ತಿದ್ದುತ್ತಿದ್ದೆ.
ಸುಖ ಎಂದರೆ ಅದೇ ಇದ್ದಿರಬೇಕು. ಆಗ ಗೊತ್ತಾಗಲಿಲ್ಲ.

ನನ್ನ ಕೆಲಸ ಕಿವಿಗಳದ್ದು.
ದಿನಾ ತಲಪಾಡಿ ದಾಟಿ ಮಂಗಳೂರಿಗೆ;
ಗಾಜಿನ ಪೆಟ್ಟಿಗೆಯೊಳಗೆ ಜನರನ್ನು ಕೂರಿಸಿ
ಶಬ್ದವನ್ನು ಸಣ್ಣ, ಇನ್ನೂ ಸಣ್ಣ ಮಾಡುತ್ತ ಹೋಗುವುದು.
ಕೇಳಿದರೆ ಬೆರಳೆತ್ತಿ, ಅನ್ನುತ್ತೇನೆ, ನಾಲ್ಕು ಭಾಷೆಯಲ್ಲಿ.
ಕೆಲವರು ಶಬ್ದವಿಲ್ಲದಾಗಲೂ ಎತ್ತುತ್ತಾರೆ,
ಪಾಪ, ನನಗೆ ಬೇಸರವಾಗಬಾರದೆಂದು.
ಅಂಥವರದ್ದು ಮತ್ತೆ ಮೊದಲಿಂದ ಶುರು ಮಾಡಬೇಕು.

ನಿಮ್ಮೊಳಗೆ ಏನಾಯಿತು, ಅಮ್ಮ ಕೇಳುತ್ತಾಳೆ.
ಹೊಡೆದನಾ? ಇಲ್ಲ. ಕುಡಿದನಾ? ಇಲ್ಲ. ಮತ್ತೆ ಎಂತ?
ಹೈವೇ ಅಗಲ ಮಾಡಿದ ಹಾಗೆ, ಅಮ್ಮ.
ಮೊದಲು ಒಂದು ಮಾವಿನ ಮರ, ಆಮೇಲೆ ಗೇಟು,
ಆಮೇಲೆ ಜಗಲಿಯ ಅರ್ಧ;
ಎಲ್ಲದಕ್ಕೂ ನೋಟೀಸು ಬಂದಿತ್ತು, ನಾವೇ ಓದಲಿಲ್ಲ.
ಈಗ ಎದುರಿನ ಅಂಗಡಿಯಿಂದ ಉಪ್ಪು ತರಲು
ಒಂದೂವರೆ ಕಿಲೋಮೀಟರು ನಡೆದು ಸುರಂಗ ದಾಟಬೇಕು.
ಅರ್ಧ ದಾರಿಯಲ್ಲಿ ಅನಿಸುತ್ತದೆ
ಉಪ್ಪಿಲ್ಲದೆಯೂ ಆಗುತ್ತದೆ ಅಂತ.

ಮಂಜೂರಾತಿ ಬಂದದ್ದು
ಅವನು ಬದಿಯಡ್ಕಕ್ಕೆ, ಅಕ್ಕನ ಮನೆಗೆ,
ಇಸ್ತ್ರಿಪೆಟ್ಟಿಗೆ ಒಂದನ್ನೇ ಹಿಡಿದುಕೊಂಡು ಹೋದ ಹದಿನೇಳನೇ ದಿನ.
ಇಬ್ಬರಿಗೂ ಬಂದಿತ್ತು.
ಫೋನಿನಲ್ಲಿ ಅಂದ: ಹೇಳಬೇಡ ಮಾರಾಯ್ತಿ.
ಒಟ್ಟಿಗೆ ಇಳಿಯುವ. ಕೌಂಟರಿನಲ್ಲಿ ಐದು ನಿಮಿಷ ಗಂಡ ಹೆಂಡತಿ.
ಹೊರಗೆ ಹಿಮದಲ್ಲಿ ನೀನು ಆ ಕಡೆ, ನಾನು ಈ ಕಡೆ.
ತಪ್ಪು ಅನಿಸಲಿಲ್ಲ. ಒಂಬತ್ತು ಅಂಕ ಅವನದ್ದಲ್ಲವೇ.
ಎರಡು ರಾತ್ರಿ ಆ ಐದು ನಿಮಿಷವನ್ನು
ಕಣ್ಣುಬಿಟ್ಟುಕೊಂಡು ಬದುಕಿ ನೋಡಿದೆ.
ಹನ್ನೊಂದು ವರ್ಷಕ್ಕಿಂತ ಉದ್ದ ಇತ್ತು.

ಸ್ಥಿತಿ ಬದಲಾದರೆ ತಿಳಿಸತಕ್ಕದ್ದು ಅಂತ ಉಂಟು ಕಾಗದದಲ್ಲಿ.
ರಂಸೀನಾ ಬೆರಳಿಟ್ಟು ಕಾಯುತ್ತಾಳೆ:
ವಿವಾಹಿತೆ, ವಿಧವೆ, ವಿಚ್ಛೇದಿತೆ…
ನನ್ನದು ಅದರ ಕೆಳಗಿನದು, ಅಂದೆ. ಬೇರೆ ಇರುವವಳು.
ನಮ್ಮ ಹಳಬರು ಬಿಡುಗಡೆ ಎನ್ನುತ್ತಿದ್ದರು,
ಜೈಲಿಗೂ ಹೆಂಡತಿಗೂ ಒಂದೇ ಮಾತು.
ಅವಳು ಒತ್ತಿದಳು. ಅರವತ್ತು ರೂಪಾಯಿ, ಪ್ರಿಂಟ್ ಸೇರಿ.

ಸಹಿ ಹಾಕಲು ತಾರಾನಾಥನೂ ಬಂದಿದ್ದ.
ಇನ್ನು ಅವನಿಗೆ ಸಿಗುವಂಥದ್ದು ಅದರಲ್ಲಿ ಏನೂ ಇಲ್ಲ;
ಅದಕ್ಕೇ ಇರಬೇಕು, ಎರಡು ಸಲ ಓದಿದ.
ಕನ್ನಡದಲ್ಲೇ ಹಾಕಿದ,
‘ಥ’ದ ಹೊಟ್ಟೆಯೊಳಗಿನ ಚುಕ್ಕಿ ಮರೆಯದೆ.
‘ಅಲ್ಲಿ ಚಳಿ ಮೊದಲು ಕಿವಿಗೇ ಹಿಡಿಯುವುದಂತೆ’ ಅಂದ.

ಅವನ ಬಸ್ಸು ರಸ್ತೆಯ ಆಚೆ. ಸುರಂಗದಲ್ಲಿ ಇಳಿದು ಹೋದ.
ನಾನು ಈಚೆ ನಿಂತೆ. ನಡುವೆ ಆರು ಸಾಲು,
ಒಂದರ ಹಿಂದೊಂದು ಗ್ಯಾಸ್ ಟ್ಯಾಂಕರು.
ಆಚೆಯಿಂದ ಬಾಯಿಗೆ ಕೈಯಡ್ಡ ಮಾಡಿ ಏನೋ ಕೂಗಿದ.
ಸಸ್ಕಾಚೆವಾನ್ ಇರಬಹುದು.
ಕೊಡೆ ಮರೆತು ಬಂದೆ ಎಂದಿರಬಹುದು.
ಏನೂ ಕೇಳಲಿಲ್ಲ.

ಬೆರಳೆತ್ತಿದೆ.