ಬದುಕಿದ್ದೇನೆ ಎಂಬ ಕಾಗದ

ವರ್ಷಕ್ಕೊಮ್ಮೆ ಜರ್ಮನಿಯಿಂದ ಮಂಜೇಶ್ವರಕ್ಕೆ ಒಂದು ಕಾಗದ:
ನೀವಿನ್ನೂ ಬದುಕಿದ್ದೀರಾ?
ಹೌದೆಂದು ನಾನೇ ಹೇಳಿದರೆ ಸಾಲದು, ಪಿಂಚಣಿಗೆ
ದುಂಡು ಮೊಹರು ಬೇಕು, ಸರಕಾರದ್ದು.
ವಿಲೇಜ್ ಆಫೀಸಿನ ಹುಡುಗ ಮಲಯಾಳದಲ್ಲಿ ಹೆಸರು ಕೇಳುತ್ತಾನೆ,
ಕನ್ನಡದಲ್ಲಿ ಸಹಿ ಹಾಕುತ್ತೇನೆ, ಅಪೊಲಿನ್ ಕ್ರಾಸ್ತಾ.

ಹುಟ್ಟಿದ ಊರು ಬರೆದಾಯಿತು. ಹುಟ್ಟಿದ ರಾಜ್ಯ ಎಂಬಲ್ಲಿ
ಪ್ರತಿ ಸಲವೂ ಪೆನ್ನು ನಿಲ್ಲುತ್ತದೆ,
ಅಲ್ಲೇ ನೆನಪಾಗುತ್ತಾಳೆ ಆಕೆ.

ಇಪ್ಪತ್ತೆರಡರ ನನಗೆ ಸಿಕ್ಕ ಮೊದಲ ರೋಗಿ
ಎಪ್ಪತ್ತೆಂಟರ ರಾಜಕುಮಾರಿ.
ಚಾರ್ಟಿನಲ್ಲಿ ಹೆಸರೇ ಒಂದೂವರೆ ಸಾಲು.
ಕಿರೀಟ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ, ಪೆದ್ದಿ ನಾನು,
ಮೇಜಿನ ಮೇಲಿದ್ದದ್ದು ನೀರಲ್ಲಿ ಮುಳುಗಿದ ಹಲ್ಲಿನ ಸೆಟ್ಟು.

ಡಚ್ಚರ ನಾಡಿನವಳು. ನಮ್ಮ ಕಡೆ
ಕಡಲು ಮೇಲೆ, ಹಸು ಕೆಳಗೆ ಎನ್ನುತ್ತಿದ್ದಳು,
ನಡುವೆ ಒಂದು ಒಡ್ಡು, ಒಡ್ಡಿನ ಮೇಲೆ ಸೈಕಲ್ ತುಳಿಯುವ ಪಾದ್ರಿ.
ಇಪ್ಪತ್ತಕ್ಕೆ ಮದುವೆ. ಗಡಿ ದಾಟಿದ ರೈಲಿನಲ್ಲಿ
ಹದಿನಾಲ್ಕು ಪೆಟ್ಟಿಗೆ ಬಟ್ಟೆ, ಮಂಜುಗಡ್ಡೆಯ ಮೇಲೆ ಜಾರುವ
ಒಂದು ಜೊತೆ ಬೂಟು.
ಗಂಡನ ಕೋಟೆಯ ಕೊಳ ಯಾವ ಚಳಿಗೂ ಹೆಪ್ಪುಗಟ್ಟಲಿಲ್ಲ.
ಹೆಪ್ಪುಗಟ್ಟಿದ್ದು ಅತ್ತೆ.
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಮಾತಾಡುತ್ತಾಳೆ ಸೊಸೆ ಎಂದು
ಊಟದ ಮೇಜಿನ ತುಂಬ ನಗು.
ಆಕೆ ಮಾತು ಕಡಿಮೆ ಮಾಡಿದಳು. ಮಕ್ಕಳು ನಾಲ್ಕು.

ಮೊದಲ ಯುದ್ಧ ಮುಗಿದಾಗ ಅರಸರನ್ನೆಲ್ಲ ಇಳಿಸಿದರಂತೆ.
ರಾಜಕುಮಾರಿ ಎಂಬುದು ಇನ್ನು ಪದವಿಯಲ್ಲ, ಅಡ್ಡಹೆಸರು ಮಾತ್ರ,
ನನಗೆ ಕ್ರಾಸ್ತಾ ಇದ್ದ ಹಾಗೆ.
ಇದನ್ನು ಹೇಳುವಾಗ ನಕ್ಕಿದ್ದಳು, ಹಲ್ಲಿಲ್ಲದೆ, ಜೋರಾಗಿ.

ಎರಡನೆಯದನ್ನು ಹೇಳುವಾಗ ನಗಲಿಲ್ಲ.
ನಲವತ್ತರ ಮೇ ತಿಂಗಳು. ದೊಡ್ಡ ಮಗ ಸೈನ್ಯದ ಟ್ರಕ್ಕಿನಲ್ಲಿ
ಅಜ್ಜಿಯ ಊರಿಗೆ ಹೋದ.
ಮನೆ ಗೊತ್ತಿತ್ತು ಅವನಿಗೆ, ರಜೆಯಲ್ಲಿ ಅಲ್ಲೇ
ಪ್ಲಮ್ ಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡವನು.
ಕದ ತಟ್ಟಿದನಂತೆ. ಚಿಕ್ಕಮ್ಮ ತೆರೆದಳಂತೆ, ನೋಡಿದಳಂತೆ,
ಮುಚ್ಚಿದಳಂತೆ.
ಆಮೇಲೆ ತವರಿನಿಂದ ಒಂದು ಕಾಗದವೂ ಇಲ್ಲ.
ಅವರ ಲೆಕ್ಕದಲ್ಲಿ ಈಕೆ ಶತ್ರುವಿನ ತಾಯಿ,
ಇವರ ಲೆಕ್ಕದಲ್ಲಿ ಕದ್ದು ರೇಡಿಯೋ ಕೇಳುವವಳು.

ನಾನೂ ನನ್ನ ಮುರುಕು ಜರ್ಮನಿನಲ್ಲಿ ಹೇಳಿದೆ:
ನಾವು ಎಲ್ಲಿಗೂ ಹೋದವರಲ್ಲ ಅಮ್ಮ,
ಗಡಿಯೇ ದಿಬ್ಬಣ ಕಟ್ಟಿಕೊಂಡು ನಮ್ಮ ಅಂಗಳ ದಾಟಿ ಹೋಯಿತು.
ನಾನಾಗ ಏಳನೇ ಕ್ಲಾಸು.
ಆಕೆ ಬಹಳ ಹೊತ್ತು ಯೋಚಿಸಿ ಕೇಳಿದಳು,
ಈಗ ನೀರು ಎಲ್ಲಿಂದ ತರುತ್ತೀರಿ?
ಅದೇ ಬಾವಿಯಿಂದ.
ಹಾಗಾದರೆ ಸರಿ ಎಂದಳು.

ಕೊನೆಯ ಚಳಿಗಾಲ ಜರ್ಮನ್ ಉದುರಿತು, ಒಂದೊಂದೇ ಮಾತು.
ಮಗ ಬಂದರೆ ಕೈಕುಲುಕಿ ಸುಮ್ಮನಾಗುವಳು.
ರಾತ್ರಿಯಿಡೀ ಎಣಿಕೆ, ಮುಳ್ಳು ಸಿಕ್ಕಿದ ಆ ಭಾಷೆಯಲ್ಲಿ,
ಒಡ್ಡಿನ ಕಂಬಗಳೋ, ಮದುವೆಯ ಪೆಟ್ಟಿಗೆಗಳೋ,
ಹನ್ನೆರಡಕ್ಕೆ ತಪ್ಪಿ ಮತ್ತೆ ಒಂದರಿಂದ.
ನಾನು ಅಂಗೈ ಹಿಡಿದು ಮಗ್ಗಿ ಹೇಳಿದೆ.
ನಮ್ಮ ಮನೆಮಾತು ಕೊಂಕಣಿ, ತೇರ್ಸೂ ಕೊಂಕಣಿಯಲ್ಲೇ,
ಲೆಕ್ಕ ಮಾತ್ರ ಕನ್ನಡ ಶಾಲೆಯದು, ಬೆತ್ತದ ಸಮೇತ.
ಹನ್ನೆರಡೊಂದ್ಲ ಹನ್ನೆರಡು. ಹನ್ನೆರಡೆರಡ್ಲ ಇಪ್ಪತ್ನಾಲ್ಕು.
ಆಕೆ ತನ್ನದನ್ನು ನಿಲ್ಲಿಸಿ ಕೇಳಿಸಿಕೊಂಡಳು,
ಹನ್ನೆರಡರಾಚೆಗೂ ದಾರಿ ಇದೆಯೆಂದು
ಈಗಷ್ಟೇ ತಿಳಿದವಳಂತೆ.

ಸಮಾಧಿಯ ಕಲ್ಲಿನ ಮೇಲೆ ಗಂಡನ ಮನೆತನದ ಕರಡಿ.
ಹುಟ್ಟಿದ ಊರಿನ ಹೆಸರಲ್ಲಿ ಒಂದು ಅಕ್ಷರ ತಪ್ಪು.
ನಾನು ಹೇಳಿದೆ. ಯಾರೂ ತಿದ್ದಲಿಲ್ಲ.

ಕಣ್ವತೀರ್ಥದ ಕಡೆ ಈ ಸಲವೂ ಕಡಲು ರಸ್ತೆ ತಿಂದಿದೆ,
ಆಫೀಸಿನ ಕಿಟಕಿಯಾಚೆ ಕಲ್ಲು ತುಂಬಿದ ಲಾರಿಗಳು.
ಎಣಿಸುತ್ತ ಕೂತಿದ್ದೇನೆ. ಹನ್ನೊಂದು. ಹನ್ನೆರಡು.
ಹುಡುಗ ಮೊಹರನ್ನು ಬಾಯ ಹತ್ತಿರ ಹಿಡಿದು
ಹಾ ಎಂದು ಉಸಿರು ಬಿಡುತ್ತಾನೆ,
ಶಾಯಿ ಒಣಗಿದೆಯಂತೆ.